ಅರ್ಥಶಾಸ್ತ್ರ ಬಾಯಿಪಾಠ ಆಗುತ್ತದೆ, ತಲೆಗೆ ಹತ್ತುವುದಿಲ್ಲ. ಏನು ಮಾಡಬೇಕು?

ನಿಮ್ಮ ಪ್ರಶ್ನೆ ಇದು: ತಮ್ಮ ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿದ್ದಾನೆ. ಅರ್ಥಶಾಸ್ತ್ರದ ನೋಟ್ಸ್ ಪೂರ್ತಿ ಬಾಯಿಪಾಠ ಮಾಡಿದ್ದಾನೆ. ಆದರೂ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಪೆನ್ನು ನಿಂತುಬಿಡುತ್ತದೆ. ಟ್ಯೂಷನ್‌ಗೆ ಸೇರಿಸಬೇಕಾ, ಇನ್ನೊಂದು ಗೈಡ್ ಕೊಡಿಸಬೇಕಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಎರಡೂ ಬೇಡ. ನಾನು ಕೋಲಾರ ಜಿಲ್ಲೆಯಲ್ಲಿ ಹದಿನೆಂಟು ವರ್ಷದಿಂದ ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದೇನೆ. ನಿಮ್ಮ ತಮ್ಮನಂಥ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ. ಅವರಿಗೆ ಬುದ್ಧಿ ಕಡಿಮೆಯಿಲ್ಲ, ಶ್ರಮವೂ ಕಡಿಮೆಯಿಲ್ಲ. ಮನೆಯಲ್ಲಿ, ಮಂಡಿಯಲ್ಲಿ, ಅಂಗಡಿಯಲ್ಲಿ ಅವರಿಗೆ ಗೊತ್ತಿರುವ ವಿಷಯಕ್ಕೂ ಪುಸ್ತಕದ ವಿಷಯಕ್ಕೂ ನಡುವೆ ಸೇತುವೆ ಇಲ್ಲ, ಅಷ್ಟೇ. ಆ ಸೇತುವೆ ತಾನಾಗಿಯೇ ಹುಟ್ಟುವುದಿಲ್ಲ. ಕೂತು ಕಟ್ಟಬೇಕು.

ಒಂದು ದಿನದ ಕ್ಲಾಸ್ ಹೇಳುತ್ತೇನೆ. ಬೇಡಿಕೆಯ ಸ್ಥಿತಿಸ್ಥಾಪಕತ್ವದ ಪಾಠ. ಈ ಪದ ಬೋರ್ಡ್ ಮೇಲೆ ಬಂದ ತಕ್ಷಣ ಅರ್ಧ ಕ್ಲಾಸ್ ಮುಖ ಬಾಡುತ್ತದೆ. ಮೊದಲೆಲ್ಲ ನಾನೂ ವ್ಯಾಖ್ಯೆ ಬರೆಸಿ, ಐದು ವಿಧ ಬರೆಸಿ, ಚಿತ್ರ ಬರೆಸಿ ಮುಗಿಸುತ್ತಿದ್ದೆ. ಆ ದಿನ ಪದವನ್ನೇ ಎತ್ತಲಿಲ್ಲ. ಒಂದು ಪ್ರಶ್ನೆ ಹಾಕಿದೆ: "ಟೊಮೆಟೊ ಬೆಳೆ ಚೆನ್ನಾಗಿ ಬಂದ ವರ್ಷವೇ ಮನೆಗೆ ನಷ್ಟ ಆಗೋದು ಯಾಕೆ?"

ನಮ್ಮಲ್ಲಿ ಮುಕ್ಕಾಲು ಪಾಲು ಮಕ್ಕಳ ಮನೆಯಲ್ಲಿ ಟೊಮೆಟೊ ಬೆಳೆಯುತ್ತಾರೆ. 2023ರ ಜುಲೈ ಎಲ್ಲರಿಗೂ ನೆನಪಿದೆ. ಕೋಲಾರ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್ ₹2,000 ದಾಟಿತ್ತು. ಅದೇ ಮಾರುಕಟ್ಟೆಯಲ್ಲಿ ಬಿಡಿಸಿದ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿ ಸುರಿದ ದಿನಗಳನ್ನೂ ಅವರು ನೋಡಿದ್ದಾರೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ, ವರ್ಷಪೂರ್ತಿ ಬಾಯಿ ಬಿಡದವಳು, ಎದ್ದು ನಿಂತಳು. "ಮೇಡಂ, ಹಣ್ಣು ಅಗ್ಗ ಆಯ್ತು ಅಂತ ಯಾರೂ ದಿನಾ ಎರಡು ಪಟ್ಟು ಸಾರು ಮಾಡಲ್ಲ. ಅದಕ್ಕೇ ಮಾಲು ಖರ್ಚಾಗಬೇಕಾದ್ರೆ ರೇಟು ಪೂರ್ತಿ ಬೀಳಬೇಕು."

ಪಾಠ ಅಲ್ಲಿಗೆ ಮುಗಿದಿತ್ತು. ಉಳಿದದ್ದು ಲೆಕ್ಕ ಮಾತ್ರ. ಕಳೆದ ವರ್ಷ 100 ಬಾಕ್ಸ್, ಬಾಕ್ಸಿಗೆ ₹300, ಕೈಗೆ ಬಂದದ್ದು ₹30,000 ಅಂದುಕೊಳ್ಳಿ. ಈ ವರ್ಷ ಎಲ್ಲರಿಗೂ ಬೆಳೆ ಚೆನ್ನಾಗಿದೆ. ಮಾರುಕಟ್ಟೆಗೆ ಮಾಲು ಶೇ 30 ಜಾಸ್ತಿ ಬಂದಿದೆ, ಬೆಲೆ ಅರ್ಧಕ್ಕೆ ಬಿದ್ದಿದೆ. 130 ಬಾಕ್ಸ್, ₹150ರಂತೆ ₹19,500. ಬೆಲೆ ಬದಲಾದದ್ದು ಶೇ 50, ಕೊಂಡ ಪ್ರಮಾಣ ಬದಲಾದದ್ದು ಶೇ 30. ಮೂವತ್ತನ್ನು ಐವತ್ತರಿಂದ ಭಾಗಿಸಿದರೆ 0.6. ಒಂದಕ್ಕಿಂತ ಕಡಿಮೆ, ಅಂದರೆ ಬೆಲೆ ಬಿದ್ದಷ್ಟು ಕೊಳ್ಳುವುದು ಏರಲಿಲ್ಲ. ಈ ಅನುಪಾತಕ್ಕೇ ಪುಸ್ತಕದಲ್ಲಿ ಒಂದು ಹೆಸರಿದೆ ಅಂತ ಹೇಳಿ, ಆಗ 'ಸ್ಥಿತಿಸ್ಥಾಪಕತ್ವ' ಅಂತ ಬೋರ್ಡ್ ಮೇಲೆ ಬರೆದೆ. ಯಾರ ಮುಖವೂ ಬಾಡಲಿಲ್ಲ.

ನಿಮ್ಮ ತಮ್ಮನಿಗೆ ಮೊದಲು ಬೇಕಾದದ್ದು ಇದೇ. ಹೆಸರು ಆಮೇಲೆ, ಪ್ರಶ್ನೆ ಮೊದಲು. ಪುಸ್ತಕ ತೆರೆಯುವ ಮುಂಚೆ ಅವನು ತನ್ನ ಊಹೆಯನ್ನು ಒಂದು ಸಾಲು ಬರೆಯಲಿ. ಊಹೆ ತಪ್ಪಾದರೂ ಚಿಂತೆಯಿಲ್ಲ. ತಪ್ಪಾದರೆ ಪಾಠ ಇನ್ನೂ ಗಟ್ಟಿಯಾಗಿ ಕೂರುತ್ತದೆ, ಯಾಕೆಂದರೆ ಎಲ್ಲಿ ತಪ್ಪಿದೆ ಅಂತ ಅವನೇ ಹುಡುಕುತ್ತಾನೆ.

ಆದರೆ ಮಂಡಿ ಗೊತ್ತಿದ್ದರೆ ಅರ್ಥಶಾಸ್ತ್ರ ತಾನಾಗಿ ಬರುತ್ತದೆ ಅಂದುಕೊಳ್ಳಬೇಡಿ. ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಜೊತೆಗಾರರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಪರೀಕ್ಷಿಸಿ ನೋಡಿದರು. 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ತರಕಾರಿ ಮಾರುವಾಗ ಬಾಯಲ್ಲೇ ಕಷ್ಟದ ಲೆಕ್ಕ ಮಾಡಿ ಸರಿಯಾಗಿ ಚಿಲ್ಲರೆ ಕೊಡುವ ಮಕ್ಕಳು, ಅದೇ ಬಗೆಯ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಕಾಗದದ ಮೇಲೆ ಕೊಟ್ಟಾಗ ತಡವರಿಸಿದರು. ಶಾಲೆಗೆ ಮಾತ್ರ ಹೋಗುವ ಮಕ್ಕಳದ್ದು ಇದರ ಉಲ್ಟಾ. ಕಾಗದದ ಲೆಕ್ಕ ಬರುತ್ತದೆ, ಸಂತೆಯ ಲೆಕ್ಕ ಬರುವುದಿಲ್ಲ. ಅದನ್ನು ಓದಿದಾಗ ನನ್ನ ಕ್ಲಾಸೇ ಕಣ್ಣ ಮುಂದೆ ಬಂತು. ಎರಡೂ ಕಡೆಗೆ ಓಡಾಡುವ ಅಭ್ಯಾಸ ಬೇಕು. ಟೊಮೆಟೊದಿಂದ ರೇಖೆಗೆ, ರೇಖೆಯಿಂದ ಟೊಮೆಟೊಗೆ.

ರೇಖೆಯ ಮಾತು ಬಂತು. ನಾನು ತಿದ್ದುವ ಉತ್ತರ ಪತ್ರಿಕೆಗಳಲ್ಲಿ ಅಂಕ ಜಾಸ್ತಿ ಸೋರಿಹೋಗುವುದು ಇಲ್ಲೇ. ಯಾವ ಬೆಲೆಗೆ ಜನ ಎಷ್ಟು ಕೊಳ್ಳುತ್ತಾರೆ ಅಂತ ತೋರಿಸುವ ಬೇಡಿಕೆ ರೇಖೆಯನ್ನು ಮಕ್ಕಳು ರಂಗೋಲಿ ಥರ ಕಲಿತಿರುತ್ತಾರೆ. ಗೆರೆ ಅಂದವಾಗಿರುತ್ತದೆ, ಅಕ್ಷಗಳಿಗೆ ಹೆಸರೇ ಇರುವುದಿಲ್ಲ. ಬೆಲೆ ಬದಲಾದಾಗ ಅದೇ ರೇಖೆಯ ಮೇಲೆ ಮೇಲೆ-ಕೆಳಗೆ ಸರಿಯುತ್ತೇವೆ. ಆದಾಯವೋ ಅಭಿರುಚಿಯೋ ಬದಲಾದಾಗ ಇಡೀ ರೇಖೆಯೇ ಜರುಗುತ್ತದೆ. ಈ ಎರಡರ ವ್ಯತ್ಯಾಸವನ್ನು ಬಾಯಿಪಾಠ ಒಪ್ಪಿಸುವ ಮಗು ಕೂಡ, "ಹಬ್ಬದ ಹಿಂದಿನ ದಿನ ಸೇವಂತಿಗೆ ಹೂವಿನ ಬೆಲೆ ಏರಿತು, ಆದರೂ ಜನ ಜಾಸ್ತಿ ಕೊಂಡರು, ಹಾಗಾದರೆ ಬೆಲೆ ಏರಿದರೆ ಕೊಳ್ಳುವುದು ಇಳಿಯುತ್ತದೆ ಅನ್ನುವ ಬೇಡಿಕೆ ನಿಯಮ ಸುಳ್ಳಾ?" ಅಂತ ಕೇಳಿದರೆ ಸುಮ್ಮನಾಗುತ್ತದೆ. ನಿಯಮ ಸುಳ್ಳಲ್ಲ. ಹಬ್ಬ ರೇಖೆಯನ್ನೇ ಬಲಕ್ಕೆ ತಳ್ಳಿತು, ಅದರಿಂದ ಬೆಲೆಯೂ ಏರಿತು, ಕೊಂಡದ್ದೂ ಏರಿತು. ನಿಮ್ಮ ತಮ್ಮನಿಗೆ ಇದನ್ನು ಕೇಳಿ ನೋಡಿ. ಚಿತ್ರ ಬರೆದು, ಅಕ್ಷಗಳಿಗೆ ಹೆಸರು ಕೊಟ್ಟು, ಏನು ನಡೆಯಿತು ಅಂತ ಮೂರು ವಾಕ್ಯದಲ್ಲಿ ಬಾಯಲ್ಲಿ ಹೇಳಿದರೆ ಆ ಅಧ್ಯಾಯ ಅವನಿಗೆ ಬಂದಿದೆ ಅಂತ ಲೆಕ್ಕ.

ಓದುವ ರೀತಿಯ ಬಗ್ಗೆ ಒಂದು ಮಾತು. ನೋಟ್ಸನ್ನು ಹತ್ತು ಸಲ ಓದುವುದಕ್ಕಿಂತ ಒಂದು ಸಲ ಓದಿ, ಮುಚ್ಚಿಟ್ಟು, ಖಾಲಿ ಹಾಳೆಯಲ್ಲಿ ನೆನಪಿನಿಂದ ಬರೆಯುವುದು ಒಳ್ಳೆಯದು. ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞರು 2006ರಲ್ಲಿ ಇದನ್ನು ತೋರಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಗುಂಪು ನೆನಪಿಸಿಕೊಂಡು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಓದಿದವರೇ ಮುಂದು: ಶೇ 81ಕ್ಕೆ ಶೇ 75. ಒಂದು ವಾರ ಬಿಟ್ಟು ಕೇಳಿದರೆ ತಿರುಗುಮುರುಗು: ಮತ್ತೆ ಓದಿದವರಿಗೆ ಶೇ 42, ನೆನಪಿಸಿಕೊಂಡು ಬರೆದವರಿಗೆ ಶೇ 56. ನಿಮ್ಮ ತಮ್ಮ ರಾತ್ರಿ ಓದಿ "ಎಲ್ಲಾ ಬಂತು" ಅನ್ನುವುದು ಆ ಐದು ನಿಮಿಷದ ನೆನಪು. ವಿಡಿಯೋ ನೋಡಿದಾಗಲೂ ಹೀಗೇ, ಎಲ್ಲ ಅರ್ಥವಾದ ಹಾಗೆ ಇರುತ್ತದೆ. ವಿಡಿಯೋ ನೋಡಬೇಡ ಅನ್ನುತ್ತಿಲ್ಲ. ನೋಡಿದ ಮೇಲೆ ಖಾಲಿ ಹಾಳೆ ಕೊಡಿ.

ಇನ್ನು ಗಣಿತ. ಅರ್ಥಶಾಸ್ತ್ರಕ್ಕೆ ಭಾರಿ ಗಣಿತ ಬೇಕು ಅಂತ ಹೆದರಬೇಡಿ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ಯಾಲರ್ಡ್ ಮತ್ತು ಜಾನ್ಸನ್ ಮಾಡಿದ ಅಧ್ಯಯನ 2004ರಲ್ಲಿ ಬಂತು. ತೀರಾ ಮೂಲಭೂತ ಲೆಕ್ಕ ಗಟ್ಟಿಯಿದ್ದವರು ಮೊದಲ ಅರ್ಥಶಾಸ್ತ್ರ ಕೋರ್ಸಿನಲ್ಲಿ ಚೆನ್ನಾಗಿ ಮಾಡುತ್ತಾರೆ ಅಂತ ಅದು ಹೇಳಿತು. ನನ್ನ ಅನುಭವವೂ ಅದೇ. ₹40 ಇದ್ದದ್ದು ₹50 ಆದರೆ ಏರಿಕೆ ಶೇ 25. ಮತ್ತೆ ₹40ಕ್ಕೆ ಬಂದರೆ ಇಳಿಕೆ ಶೇ 20. ಯಾಕೆ ಬೇರೆ ಬೇರೆ ಅಂತ ಹೇಳಲು ಬಾರದ ಮಗುವಿಗೆ ಸ್ಥಿತಿಸ್ಥಾಪಕತ್ವವೂ ಬರುವುದಿಲ್ಲ, ಹಣದುಬ್ಬರವೂ ಬರುವುದಿಲ್ಲ. ಶೇಕಡಾ, ಅನುಪಾತ, ಇಳಿಜಾರು, ಇವು ಮೂರನ್ನು ಒಂದು ವಾರ ಕೂತು ಸರಿ ಮಾಡಿಕೊಳ್ಳಲಿ. ಎಸ್ಎಸ್ಎಲ್‌ಸಿಯಲ್ಲಿ ಗಣಿತ ಸಾಕಪ್ಪಾ ಅಂತಲೇ ಕಲಾ ವಿಭಾಗಕ್ಕೆ ಬಂದ ಮಕ್ಕಳು ಬೇಕಾದಷ್ಟಿದ್ದಾರೆ. ಅವರನ್ನು ಯಾರೂ ಬೈಯಬಾರದು. ಪಕ್ಕದಲ್ಲಿ ಕೂತು ಹೇಳಿಕೊಟ್ಟರೆ ಬರುತ್ತದೆ.

ಬಾಯಿಪಾಠ ಎಷ್ಟು ಮೋಸ ಮಾಡುತ್ತದೆ ಅನ್ನುವುದಕ್ಕೆ ಅವಕಾಶ ವೆಚ್ಚಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಒಂದನ್ನು ಆರಿಸಿದಾಗ ಕೈಬಿಟ್ಟ ಇನ್ನೊಂದರ ಲಾಭವೇ ಅವಕಾಶ ವೆಚ್ಚ. 2005ರಲ್ಲಿ ಫೆರಾರೊ ಮತ್ತು ಟೇಲರ್ ಅನ್ನುವ ಇಬ್ಬರು, ಅಮೆರಿಕದಲ್ಲಿ ನಡೆದ ಅರ್ಥಶಾಸ್ತ್ರಜ್ಞರ ಸಮ್ಮೇಳನದಲ್ಲಿ, 199 ಜನಕ್ಕೆ ಒಂದು ಪ್ರಶ್ನೆ ಕೊಟ್ಟರು. ಒಬ್ಬ ಗಾಯಕನ ಸಂಗೀತ ಕಚೇರಿಗೆ ನಿಮಗೆ ಪುಕ್ಕಟೆ ಟಿಕೆಟ್ ಸಿಕ್ಕಿದೆ. ಅದೇ ರಾತ್ರಿ ಇನ್ನೊಬ್ಬನ ಕಚೇರಿ ಇದೆ, ಟಿಕೆಟ್ 40 ಡಾಲರ್. ಅವನನ್ನು ಕೇಳಲು ನೀವು 50 ಡಾಲರ್ ತನಕ ಕೊಡಲು ತಯಾರು. ಪುಕ್ಕಟೆ ಕಚೇರಿಗೆ ಹೋದರೆ ಅವಕಾಶ ವೆಚ್ಚ ಎಷ್ಟು? ಸೊನ್ನೆ, 10, 40, 50, ಇವುಗಳಲ್ಲಿ ಒಂದನ್ನು ಆರಿಸಬೇಕು. ಸರಿ ಉತ್ತರ 10, ಯಾಕೆಂದರೆ ಬಿಟ್ಟುಕೊಟ್ಟದ್ದು ಐವತ್ತರ ಸಂತೋಷ, ಕೈಯಲ್ಲಿ ಉಳಿದ ಟಿಕೆಟ್ ದುಡ್ಡು ನಲವತ್ತು. ಸರಿ ಹೇಳಿದವರು ಶೇ 21.6 ಮಾತ್ರ. ಅರ್ಥಶಾಸ್ತ್ರವನ್ನೇ ಉಸಿರಾಡುವವರು! ವ್ಯಾಖ್ಯೆ ಅವರಲ್ಲಿ ಯಾರಿಗೆ ಗೊತ್ತಿರಲಿಲ್ಲ ಹೇಳಿ?

ನಾನು ಇದನ್ನು ಹೀಗೆ ಮಾಡಿಸುತ್ತೇನೆ. ಪಿಯುಸಿ ಮುಗಿದ ಮೇಲೆ ಬಿ.ಎ. ಸೇರುವುದಾ, ನರಸಾಪುರದ ಫ್ಯಾಕ್ಟರಿ ಕೆಲಸಕ್ಕೆ ಹೋಗುವುದಾ? ಬಿ.ಎ.ಯ ನಿಜವಾದ ಖರ್ಚನ್ನು ಬರೆಯಿರಿ ಅನ್ನುತ್ತೇನೆ. ಎಲ್ಲರೂ ಫೀಸು, ಪುಸ್ತಕ, ಬಸ್ ಪಾಸ್, ಊಟ ಅಂತ ಬರೆದುಕೊಳ್ಳುತ್ತಾರೆ. ಒಂದು ವರ್ಷ ಒಬ್ಬ ಹುಡುಗ ಪಟ್ಟಿ ನೋಡಿ ಗೊಂದಲದಲ್ಲಿ ಕೇಳಿದ: "ಮೇಡಂ, ಊಟ ಹೇಗಿದ್ರೂ ಮಾಡ್ಲೇಬೇಕಲ್ವಾ? ಅದು ಹೇಗೆ ಕಾಲೇಜಿನ ಖರ್ಚಾಗುತ್ತೆ?" ಸ್ವಲ್ಪ ಹೊತ್ತು ಬಿಟ್ಟು ಪಕ್ಕದವಳು ಹೇಳಿದಳು: "ಹಾಗಾದ್ರೆ ಬಿಟ್ಟುಹೋಗೋ ಸಂಬಳ ಬರೀಬೇಕು." ಇಬ್ಬರೂ ಸೇರಿ ಅವಕಾಶ ವೆಚ್ಚವನ್ನು ಕಂಡುಹಿಡಿದರು. ನಾನು ಹೆಸರು ಕೊಟ್ಟೆ, ಅಷ್ಟೇ. ಜೊತೆಗಾರರ ಜೊತೆ ವಾದ ಮಾಡುತ್ತಾ ಕಲಿತದ್ದು ಹೀಗೆ ನಿಲ್ಲುತ್ತದೆ. ನಿಮ್ಮ ತಮ್ಮನಿಗೆ ಟ್ಯೂಷನ್‌ಗಿಂತ ಮೊದಲು ಓದುವ ಗೆಳೆಯನೊಬ್ಬನನ್ನು ಹುಡುಕಿಕೊಡಿ ಅನ್ನುವುದು ಅದಕ್ಕೇ.

ನಿಮ್ಮ ತಮ್ಮನ ಕಾಲೇಜಿನಲ್ಲಿ ಒಪ್ಪಿದರೆ ಮಾರುಕಟ್ಟೆ ಆಟ ಆಡಿಸಲಿ. ಹತ್ತು ಜನ ಕೊಳ್ಳುವವರು, ಹತ್ತು ಜನ ಮಾರುವವರು. ಕೊಳ್ಳುವವರ ಚೀಟಿಯಲ್ಲಿ 60, 55, 50 ಹೀಗೆ 15ರ ತನಕ. ಅದಕ್ಕಿಂತ ಜಾಸ್ತಿ ಕೊಡುವಂತಿಲ್ಲ. ಮಾರುವವರಿಗೆ 10, 15, 20 ಹೀಗೆ 55ರ ತನಕ. ಅದಕ್ಕಿಂತ ಕಡಿಮೆಗೆ ಮಾರುವಂತಿಲ್ಲ. ಚೀಟಿ ಯಾರಿಗೂ ತೋರಿಸಬಾರದು, ಕೂಗಿ ವ್ಯಾಪಾರ ಮಾಡಬೇಕು. ಮೊದಲ ಸುತ್ತಿನಲ್ಲಿ ಬೆಲೆ ಅಡ್ಡಾದಿಡ್ಡಿ. ನಮ್ಮ ಕ್ಲಾಸಿನಲ್ಲಿ ಮೂರನೇ ಸುತ್ತಿಗೆ 34, 35, 36ರ ಆಸುಪಾಸಿಗೆ ಬಂದು ಕೂತಿತ್ತು. ಆಮೇಲೆ ಚೀಟಿಗಳನ್ನು ಬೋರ್ಡ್ ಮೇಲೆ ಜೋಡಿಸಿ ಕೊಳ್ಳುವವರದ್ದೊಂದು, ಮಾರುವವರದ್ದೊಂದು ರೇಖೆ ಎಳೆದರೆ ಎರಡೂ ಸೇರುವುದು 35ರಲ್ಲೇ. ಯಾರೂ ನಿಗದಿ ಮಾಡದ ಬೆಲೆ ತಾನಾಗಿ ಅಲ್ಲಿಗೆ ಬಂದದ್ದನ್ನು ನೋಡಿ ಮಕ್ಕಳು ಚಪ್ಪಾಳೆ ಹೊಡೆದರು. ಈ ಆಟ ನನ್ನದಲ್ಲ. 1948ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಚೇಂಬರ್ಲಿನ್ ಇಂಥ ಪ್ರಯೋಗದ ಬಗ್ಗೆ ಬರೆದರು. ಅವರ ವಿದ್ಯಾರ್ಥಿಯಾಗಿದ್ದ ವರ್ನನ್ ಸ್ಮಿತ್ ಅದನ್ನು ಸುತ್ತು ಸುತ್ತಾಗಿ ಆಡಿಸುವ ಹಾಗೆ ಬದಲಿಸಿ, ಬೆಳೆಸಿ, 2002ರಲ್ಲಿ ನೊಬೆಲ್ ಪಡೆದರು.

ಇಡೀ ದೇಶದ ಲೆಕ್ಕ ನೋಡುವ ಸಮಗ್ರ ಅರ್ಥಶಾಸ್ತ್ರಕ್ಕೂ ಇದೇ ದಾರಿ. ಅಮ್ಮನ ಖಾತೆಗೆ ಬರುವ ಗೃಹಲಕ್ಷ್ಮಿಯ ₹2,000 ಜಿಡಿಪಿಯಲ್ಲಿ, ಅಂದರೆ ದೇಶದಲ್ಲಿ ಒಂದು ವರ್ಷ ತಯಾರಾದ ಸರಕು-ಸೇವೆಗಳ ಒಟ್ಟು ಮೌಲ್ಯದಲ್ಲಿ, ಸೇರುತ್ತದಾ ಅಂತ ಕೇಳಿ. ಸೇರುವುದಿಲ್ಲ, ಅದು ವರ್ಗಾವಣೆ ಪಾವತಿ, ಅಂದರೆ ಬದಲಿಗೆ ಏನೂ ತಯಾರಾಗದೆ ಕೈ ಬದಲಾದ ದುಡ್ಡು. ಆ ದುಡ್ಡಲ್ಲಿ ಅಮ್ಮ ಇಲ್ಲೇ ತಯಾರಾದ ಹೊಸ ಮಿಕ್ಸಿ ಕೊಂಡರೆ ಅದು ಸೇರುತ್ತದೆ. ರಾಗಿ ₹40, ಹಿಟ್ಟು ₹55, ಹೋಟೆಲಿನಲ್ಲಿ ಅದೇ ಮುದ್ದೆಯಾಗಿ ₹100. ಮೂರನ್ನೂ ಕೂಡಿದರೆ ಎರಡೆರಡು ಸಲ ಎಣಿಸಿದ ಹಾಗೆ. ಪ್ರತಿ ಹಂತದಲ್ಲಿ ಸೇರಿದ ಮೌಲ್ಯ 40, 15, 45 ಮಾತ್ರ ಕೂಡಬೇಕು.

ಕ್ಲಾಸ್ ತಪ್ಪಿಸಬಾರದು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಹಣ್ಣು ಬಿಡಿಸುವ ಕಾಲದಲ್ಲಿ ನಮ್ಮ ಮಕ್ಕಳು ತೋಟಕ್ಕೆ ಹೋಗಲೇಬೇಕಾಗುತ್ತದೆ. ಅಂಥವರಿಗೆ ನಾನು ಆ ದಿನದ ಒಂದು ಪ್ರಶ್ನೆಯನ್ನು ಫೋನಿಗೆ ಕಳಿಸುತ್ತೇನೆ, ನೋಟ್ಸ್ ಕಳಿಸುವುದಿಲ್ಲ. ಸಂಜೆ ಉತ್ತರ ಬರುತ್ತದೆ, ಕೆಲವೊಮ್ಮೆ ಮಂಡಿಯ ಗಲಾಟೆಯ ನಡುವೆಯೇ ವಾಯ್ಸ್ ಮೆಸೇಜ್ ಆಗಿ.

ಅಂಕದ ಚಿಂತೆಯೂ ನಿಮಗಿದೆ. ಈಗ ಬರೆಯುವ ಪರೀಕ್ಷೆ 80ಕ್ಕೆ, ಉಳಿದ 20 ಆಂತರಿಕ ಅಂಕ, ಅದರಲ್ಲಿ ಪ್ರಾಜೆಕ್ಟಿಗೂ ಪಾಲಿದೆ. ಆ ಪ್ರಾಜೆಕ್ಟನ್ನು ದಯವಿಟ್ಟು ಅಂಗಡಿಯಲ್ಲಿ ರೆಡಿಮೇಡ್ ಕೊಂಡು ತರಿಸಬೇಡಿ. ನಿಮ್ಮೂರ ಸಂತೆಯಲ್ಲಿ ನಾಲ್ಕು ವಾರ ಈರುಳ್ಳಿ ಬೆಲೆ ಬರೆದುಕೊಂಡು ಬರಲಿ. ಯಾವ ವಾರ ಯಾಕೆ ಏರಿತು ಅಂತ ಮಾರುವವರನ್ನೇ ಕೇಳಲಿ. ಈ ಭಾನುವಾರವೇ ಶುರು ಮಾಡಬಹುದು. ಹೊರಡುವ ಮುಂಚೆ ಈ ವಾರ ಬೆಲೆ ಎಷ್ಟಿರುತ್ತದೆ, ಯಾಕೆ, ಅಂತ ಅವನ ಊಹೆಯನ್ನು ಒಂದು ಚೀಟಿಯಲ್ಲಿ ಬರೆಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ವಾಪಸ್ ಬಂದ ಮೇಲೆ ಇಬ್ಬರೂ ಕೂತು ತೆರೆದು ನೋಡಿ. ಏನಾಯಿತು ಅಂತ ಇಲ್ಲೇ ಕೆಳಗೆ ಬರೆಯಿರಿ, ಖಂಡಿತ ಓದುತ್ತೇನೆ.