ಬೊಂಬಾಯಿ ಸಿಗುವ ಮುಂಚೆ ಕಾರವಾರದ ಎದುರು

ಪತ್ರ: ಕಳೆದ ಸಂಚಿಕೆಯಲ್ಲಿ ‘1661ರಲ್ಲಿ ಬೊಂಬಾಯಿ ಇಂಗ್ಲಿಷರ ಪಾಲಾಯಿತು’ ಎಂದು ಬರೆದಿದ್ದೀರಿ. ಮೊಮ್ಮಗಳ ಪುಸ್ತಕದಲ್ಲಿ 1668 ಅಂತಿದೆ. ಬೊಂಬಾಯಿಯ ಹೋಟೆಲಿನಲ್ಲಿ ದುಡಿದ ನನ್ನ ಅಪ್ಪಯ್ಯ, ‘ವರದಕ್ಷಿಣೆಗೆ ಬಂದ ಊರನ್ನು ರಾಜ 10 ಪೌಂಡಿಗೆ ಮಾರಿದ’ ಎನ್ನುತ್ತಿದ್ದರು. ಯಾವುದು ಸರಿ?
– ಕುಂದಾಪುರದ ಓದುಗರೊಬ್ಬರು

ಉತ್ತರ: ತಪ್ಪು ನಮ್ಮದೇ, ಒಪ್ಪಿಕೊಳ್ಳುತ್ತೇವೆ. 1661ರಲ್ಲಿ ಬೊಂಬಾಯಿ ಸಿಕ್ಕಿದ್ದು ಬರೀ ಕಾಗದದ ಮೇಲೆ. ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್‌ಳನ್ನು ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ಕೊಡುವುದೆಂದು ಆ ವರ್ಷ ಒಪ್ಪಂದವಾಯಿತು. ಹೆಣ್ಣಿನ ಕಡೆಯವರು ಕೊಡಲು ಒಪ್ಪಿದ್ದರಲ್ಲಿ ದುಡ್ಡಿತ್ತು, ಆಫ್ರಿಕಾದ ಟ್ಯಾಂಜಿಯರ್ ಬಂದರಿತ್ತು, ಬೊಂಬಾಯಿಯೂ ಇತ್ತು. ಸ್ಪೇನ್ ಮತ್ತು ಡಚ್ಚರ ಕಾಟಕ್ಕೆ ಪೋರ್ಚುಗೀಸರಿಗೆ ಇಂಗ್ಲಿಷರ ಬೆಂಬಲ ಬೇಕಾಗಿತ್ತು. ಅಂತೂ ವರದಕ್ಷಿಣೆಯ ಮಾತು ನಿಜ.

ಯುರೋಪಿನಲ್ಲಿ ಬರೆದುಕೊಟ್ಟದ್ದು ಇಲ್ಲಿ ನಡೆಯಬೇಕಲ್ಲ! 1662ರ ಸೆಪ್ಟೆಂಬರಿನಲ್ಲಿ ಅರ್ಲ್ ಆಫ್ ಮಾರ್ಲ್‌ಬರೋನ ಹಡಗುಗಳು ಬೊಂಬಾಯಿಗೆ ಬಂದವು. ಜೊತೆಗೆ ಅಬ್ರಹಾಂ ಶಿಪ್‌ಮನ್ ಮತ್ತು ಅವನ 400ಕ್ಕೂ ಹೆಚ್ಚು ಸೈನಿಕರು. ಕೊಟ್ಟಿದ್ದು ಬೊಂಬಾಯಿ ದ್ವೀಪವೊಂದೋ, ಪಕ್ಕದ ಸಾಲ್ಸೆಟ್, ಠಾಣೆಯೂ ಸೇರಿಯೋ ಎಂದು ಜಗಳ ಎದ್ದಿತು. ಪೋರ್ಚುಗೀಸರ ವೈಸ್‌ರಾಯ್ ‘ನಿಮ್ಮ ಪತ್ರ ಸರಿಯಿಲ್ಲ’ ಎಂದು ವಾಪಸ್ ಕಳಿಸಿದ. ಸೂರತ್ತಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯವರು, ‘ಮೊಘಲರಿಗೆ ಸಿಟ್ಟು ಬಂದೀತು, ಇಲ್ಲಿಗೆ ಬರಬೇಡಿ’ ಎಂದರು. ಮಾರ್ಲ್‌ಬರೋ ಹಡಗು ತಿರುಗಿಸಿಕೊಂಡು ಊರಿಗೆ ಹೋದ. ಈ ಸೈನಿಕರು ಎಲ್ಲಿಗೆ ಹೋಗಬೇಕು?

ಅವರು ಬಂದಿಳಿದದ್ದು ನಮ್ಮ ಕಾರವಾರದ ಎದುರಿನ ಅಂಜುದೀವಕ್ಕೆ. ವಾಸ್ಕೋ ಡ ಗಾಮ 1498ರಲ್ಲಿ ತಂಗಿದ್ದ ನಡುಗಡ್ಡೆ ಅದು. ಹೆಸರಿಗೆ ಗೋವಾದ್ದು, ಕಣ್ಣಿಗೆ ಕಾಣುವುದು ಮಾತ್ರ ಬಿಣಗಾದ ಕಡೆಯಿಂದ. ಅಷ್ಟು ಜನಕ್ಕೆ ಅಲ್ಲಿ ಏನಿತ್ತು ಹೇಳಿ? ಮಳೆಗಾಲ, ಜ್ವರ, ಹೊಟ್ಟೆಗೆ ಸರಿಯಾಗಿ ಇಲ್ಲ. ಎರಡು ವರ್ಷ ಹೀಗೇ ಕಳೆಯಿತು. 1664ರಲ್ಲಿ ಶಿಪ್‌ಮನ್ ಅಲ್ಲೇ ಸತ್ತ. ಕೊನೆಗೆ ಉಳಿದವರು ಸುಮಾರು ನೂರು ಜನ. ಬೊಂಬಾಯಿಯ ಕತೆ ಹೇಳುವವರು ಜಾಸ್ತಿ ಜನ ಮದುವೆಯಿಂದ ನೇರ ಕಂಪನಿಗೆ ಹಾರಿಬಿಡುತ್ತಾರೆ. ನಾವೂ ಹಾಗೇ ಮಾಡಿದೆವು, ಅಲ್ವಾ?

ಶಿಪ್‌ಮನ್‌ನ ಕಾರ್ಯದರ್ಶಿ ಹಂಫ್ರಿ ಕುಕ್, ಉಳಿದವರನ್ನಾದರೂ ದಡ ಮುಟ್ಟಿಸಬೇಕಿತ್ತು. ಪೋರ್ಚುಗೀಸರು ಇಟ್ಟ ಷರತ್ತುಗಳಿಗೆಲ್ಲ ಸಹಿ ಹಾಕಿ 1665ರ ಫೆಬ್ರುವರಿಯಲ್ಲಿ ಬೊಂಬಾಯಿಯನ್ನು ವಶಕ್ಕೆ ತೆಗೆದುಕೊಂಡ. ‘ಅಷ್ಟೆಲ್ಲ ಬಿಟ್ಟುಕೊಡಲು ನೀನ್ಯಾರು’ ಎಂಬಂತೆ ರಾಜ ಆ ಕರಾರನ್ನೇ ಒಪ್ಪಲಿಲ್ಲ. ಅಂಜುದೀವದಲ್ಲಿ ಒಂದು ಮಳೆಗಾಲ ಕಳೆದಿದ್ದರೆ ಅವನೂ ಸಹಿ ಹಾಕುತ್ತಿದ್ದನೇನೋ.

ಇನ್ನು ಆ 10 ಪೌಂಡ್. ಅದು ಬೆಲೆಯಲ್ಲ, ವರ್ಷದ ಗೇಣಿ. ನಮ್ಮ ಕಡೆಯ ಮೂಲಗೇಣಿ, ಅಂದರೆ ಕಾಯಂ ಗೇಣಿ, ಗೊತ್ತಲ್ಲ, ಹೆಚ್ಚುಕಡಿಮೆ ಹಾಗೆ. ಊರು ಸಾಕುವ ಖರ್ಚು ಮೈಮೇಲೆ ಬಂದಾಗ ಚಾರ್ಲ್ಸ್ 1668ರಲ್ಲಿ ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿದ. ಪ್ರತಿ ಸೆಪ್ಟೆಂಬರ್ 30ಕ್ಕೆ 10 ಪೌಂಡ್, ಅದೂ ಚಿನ್ನದಲ್ಲಿ. ಕಂಪನಿ ಅವನಿಗೆ ಬಡ್ಡಿಗೆ 50,000 ಪೌಂಡ್ ಸಾಲವನ್ನೂ ಕೊಟ್ಟಿತು. ಗೇಣಿಗಿಂತ ಆ ಸಾಲವೇ ರಾಜನಿಗೆ ಜಾಸ್ತಿ ಮುಖ್ಯವಾಗಿತ್ತು ಎಂದು ನನಗನ್ನಿಸುತ್ತದೆ.

ಹಾಗಾಗಿ ಮೊಮ್ಮಗಳ ಪುಸ್ತಕದ್ದು ಕಂಪನಿಯ ಲೆಕ್ಕ, ಅದೂ ಸರಿ. ನಮ್ಮ ಸಾಲನ್ನು ಮಾತ್ರ ದಯವಿಟ್ಟು ಹೀಗೆ ತಿದ್ದಿಕೊಳ್ಳಿ: ‘1665ರಲ್ಲಿ ಬೊಂಬಾಯಿ ಇಂಗ್ಲಿಷರ ಪಾಲಾಯಿತು.’

– ಸಂಪಾದಕ