ಲಾರ್ಪ್ ಅಂದರೆ ಬರೀ ಕತ್ತಿ ಕಾಳಗನಾ?

ಲಾರ್ಪ್‌ನಲ್ಲಿ (ಲೈವ್ ಆ್ಯಕ್ಷನ್ ರೋಲ್ ಪ್ಲೇ, ಅಂದರೆ ಒಬ್ಬೊಬ್ಬರೂ ಒಂದು ಪಾತ್ರವೇ ಆಗಿ ಕಥೆಯನ್ನು ನಿಜವಾಗಿ ಆಡುವ ಆಟ) ವೇಷ ಹಾಕಿಕೊಂಡು ಕಾಡಲ್ಲಿ ಹೊಡೆದಾಡುವುದು ಬಿಟ್ಟು ಬೇರೆ ಬಗೆ ಇಲ್ವಾ ಅಂತ ಕೇಳಿದ್ದೀರಿ. ಬೇಕಾದಷ್ಟಿದೆ. ಕಥೆ ಯಾವ ಲೋಕದ್ದು, ರಾಜರ ಕಾಲದ್ದಾ, ಬಾಹ್ಯಾಕಾಶದ್ದಾ ಅಂತ ಎಲ್ಲರೂ ಮೊದಲು ನೋಡುತ್ತಾರೆ. ನಾನು ಮೊದಲು ಕೇಳುವುದು, ಇಬ್ಬರಿಗೆ ಜಗಳ ಬಂದರೆ ಅದು ಹೇಗೆ ತೀರ್ಮಾನವಾಗುತ್ತದೆ ಅಂತ. ಆಟದ ಸ್ವಭಾವ ಅಲ್ಲೇ ಗೊತ್ತಾಗುತ್ತದೆ.

ನೀವು ಹೇಳಿದ್ದು ಫೋಮ್ ಕತ್ತಿಯ ಬಗೆ. ನಾನಿರುವ ಜರ್ಮನಿಯಲ್ಲಿ ಇದೇ ಜಾಸ್ತಿ. ಬ್ರೋಕೆಲೋ ಹಳ್ಳಿಯ ಹತ್ತಿರ ನಡೆಯುವ ಕಾಂಕ್ವೆಸ್ಟ್ ಎಂಬ ದೊಡ್ಡ ಲಾರ್ಪ್‌ಗೆ ಸಾವಿರಾರು ಜನ ಡೇರೆ ಸಮೇತ ಬಂದಿಳಿಯುತ್ತಾರೆ. ತಲೆಗೆ ಹೊಡೆಯುವಂತಿಲ್ಲ, ಏಟು ಬಿದ್ದರೆ ಬಿದ್ದವರೇ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. (ಒಪ್ಪದವರೂ ಇರುತ್ತಾರೆ, ಬಿಡಿ.)

ಇನ್ನೊಂದು ಬಗೆ, ಆಡುವವರು ರಕ್ತಪಿಶಾಚಿಗಳ ಪಾತ್ರ ವಹಿಸುವ ಆಟ. ಅದರಲ್ಲಿ ಯಾರನ್ನೂ ಮುಟ್ಟುವಂತೆಯೇ ಇಲ್ಲ. 1993ರಲ್ಲಿ ಅಮೆರಿಕದಲ್ಲಿ ಬಂದ ಮೈಂಡ್ಸ್ ಐ ಥಿಯೇಟರ್ ನಿಯಮಗಳಲ್ಲಿ ಹೊಡೆದಾಟವೂ ಕಲ್ಲು-ಕಾಗದ-ಕತ್ತರಿಯಲ್ಲೇ ಮುಗಿಯುತ್ತದೆ. ಉಳಿದದ್ದೆಲ್ಲ ಪಿತೂರಿ, ಮಾತು, ರಾಜಕೀಯ.

ನನಗೆ ಹುಚ್ಚು ಹಿಡಿಸಿದ್ದು ನಾರ್ವೆ, ಸ್ವೀಡನ್ ಕಡೆಯ ನಾರ್ಡಿಕ್ ಶೈಲಿ. 1997ರಲ್ಲಿ ಓಸ್ಲೋದಲ್ಲಿ ಶುರುವಾದ ಕ್ನುಟೆಪುಂಕ್ಟ್ ಎಂಬ ಲಾರ್ಪ್ ಸಮ್ಮೇಳನದ ಸುತ್ತ ಬೆಳೆದದ್ದು. ಇಲ್ಲಿ ಗೆಲ್ಲಬೇಕು ಅಂತ ಆಡುವುದಿಲ್ಲ, ಚೆನ್ನಾಗಿ ಸೋಲಬೇಕು ಅಂತ ಆಡುತ್ತಾರೆ: ನಿಮ್ಮ ಪಾತ್ರದ ಹತ್ತಿರ ಒಂದು ಗುಟ್ಟಿನ ಪತ್ರ ಇದ್ದರೆ ಅದನ್ನು ಬಚ್ಚಿಡುವ ಬದಲು, ಸಿಗಬಾರದವರ ಕೈಗೇ ಸಿಗುವ ಹಾಗೆ ಬೇಕಂತಲೇ ಬೀಳಿಸುತ್ತೀರಿ, ಯಾಕಂದರೆ ಕಥೆ ಅಲ್ಲಿಂದಲೇ ಏಳುತ್ತದೆ. 2013ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ, ಈಗ ಮ್ಯೂಸಿಯಂ ಆಗಿರುವ ಹಳೇ ಯುದ್ಧಹಡಗನ್ನೇ ಬಾಹ್ಯಾಕಾಶ ನೌಕೆ ಮಾಡಿಕೊಂಡು ಆಡಿದರು. ಅದಕ್ಕೂ ಮುಂಚೆ 2011ರಲ್ಲಿ ನಾರ್ವೆಯಲ್ಲಿ ಎಂಬತ್ತರ ದಶಕದ ನ್ಯೂಯಾರ್ಕ್, ಏಡ್ಸ್ ಬಂದ ಹೊತ್ತಿನ ಗೆಳೆಯರ ಗುಂಪು, ಇದರ ಮೇಲೇ ಒಂದು ಲಾರ್ಪ್ ಆಯಿತು. ಇಂಥ ವಿಷಯ ಸುಮ್ನೆ ಆಡಲಾಗುವುದಿಲ್ಲ, ಅಲ್ವಾ? ಅದಕ್ಕೇ ಮೊದಲು ಕಾರ್ಯಾಗಾರ ಇರುತ್ತದೆ. ಆಟದ ಮಧ್ಯೆ ಯಾರಾದರೂ 'ಕಟ್' ಅಂದರೆ ಎಲ್ಲವೂ ಅಲ್ಲೇ ನಿಲ್ಲುತ್ತದೆ, 'ಬ್ರೇಕ್' ಅಂದರೆ ಎದುರಿನವರು ಸ್ವಲ್ಪ ಮೆತ್ತಗಾಗಬೇಕು.

ಹೊಸಬರಾದರೆ ಬ್ಲ್ಯಾಕ್ ಬಾಕ್ಸ್ ಲಾರ್ಪ್ ಹುಡುಕಿ. ಖಾಲಿ ಕೋಣೆ, ನಾಲ್ಕು ಕುರ್ಚಿ, ಒಂದಿಷ್ಟು ಲೈಟು, ಕೆಲವೇ ಗಂಟೆ. ವೇಷಕ್ಕೆ ದುಡ್ಡು ಸುರಿಯುವ ತಾಪತ್ರಯ ಇಲ್ಲ. ಯಾವುದಕ್ಕೇ ಹೋದರೂ ಟಿಕೆಟ್ ಕೊಳ್ಳುವ ಮುಂಚೆ ಆಯೋಜಕರನ್ನು ಕೇಳಿ: ರಾತ್ರಿಯೂ ಆಟ ನಡೆಯುತ್ತದಾ, ಮಧ್ಯದಲ್ಲಿ ಎದ್ದು ಹೋಗಬಹುದಾ? ಎರಡನೆಯದಕ್ಕೆ ಸರಿಯಾಗಿ ಉತ್ತರ ಕೊಡದವರ ಆಟಕ್ಕೆ ನಾನಂತೂ ಹೋಗುವುದಿಲ್ಲ.