ಸಪೋರ್ಟ್ ಇಲ್ಲದ ಕಾಯಿ ಕಣ್ಣಿಗೆ ಬೀಳಬೇಕಾದರೆ

ಪ್ರಶ್ನೆ: ಒಂಬತ್ತು ವರ್ಷದ ಮಗಳಿಗೆ ಚೆಸ್‌ನ ಎಲ್ಲ ಕಾಯಿಗಳ ನಡೆ ಗೊತ್ತು. ಆದರೂ ಪ್ರತಿ ಆಟದಲ್ಲೂ ಒಂದೆರಡು ಕಾಯಿ ಪುಕ್ಕಟೆ ಕೊಟ್ಟುಬಿಡುತ್ತಾಳೆ. ‘ನೋಡಿ ಆಡು’ ಎಂದು ಎಷ್ಟು ಹೇಳಿದರೂ ಅಷ್ಟೆ. ಏನು ಮಾಡಲಿ?

ಉತ್ತರ: ‘ನೋಡಿ ಆಡು’ ಎಂದರೆ ಏನನ್ನು ನೋಡಬೇಕೆಂದು ಮಗುವಿಗೆ ತಿಳಿಯುವುದಿಲ್ಲ. ಎದುರಾಳಿಯ ಕಾಯಿ ಹೊಡೆಯುವ ದಾರಿ ಮಕ್ಕಳಿಗೆ ಬೇಗ ಕಾಣುತ್ತದೆ. ತಮ್ಮ ಕಾಯಿಯನ್ನು ತಾವೇ ಹೊಡೆಯುವಂತಿಲ್ಲವಲ್ಲ, ಹಾಗಾಗಿ ಅದಕ್ಕೆ ಸಪೋರ್ಟ್, ಅಂದರೆ ಎದುರಾಳಿ ಅದನ್ನು ಹೊಡೆದರೆ ತಿರುಗಿ ಹೊಡೆಯಬಲ್ಲ ನಮ್ಮದೇ ಇನ್ನೊಂದು ಕಾಯಿ, ಇದೆಯೋ ಇಲ್ಲವೋ ಕಾಣುವುದೇ ಕಷ್ಟ. ಅನುಮಾನವಿರುವ ಕಾಯಿಯನ್ನು ಎತ್ತಿ, ಅದೇ ಮನೆಯಲ್ಲಿ ಎದುರಾಳಿಯ ಕಾಲಾಳು ಇಟ್ಟು ‘ಇದನ್ನು ಹೊಡೀತೀಯಾ?’ ಎಂದು ಕೇಳಿ. ಹೊಡೆಯಲು ಆದರೆ ಸಪೋರ್ಟ್ ಇದೆ. ಬಾಯಲ್ಲಿ ಹೇಳಿದರೆ ಸಾಲದು, ಕಾಯಿ ಎತ್ತಿ ಹೊಡೆದೇ ತೋರಿಸಲಿ.

ಮೊದಲ ಪಾಠಕ್ಕೆ ಆಟ ಶುರುವಾಗುವ ಜೋಡಣೆಯೇ ಸಾಕು. ಬಿಳಿಯ ಯಾವ ಕಾಯಿಗೆ ಸಪೋರ್ಟ್ ಇಲ್ಲ? ಎರಡು ಆನೆಗಳಿಗೆ ಮಾತ್ರ. ಈಗ ರಾಜನ ಮುಂದಿನ ಕಾಲಾಳನ್ನು ಇ4ಕ್ಕೆ ನಡೆಸಿ (ಬಿಳಿಯ ಎಡದಿಂದ ಎ, ಬಿ, ಸಿ ಎಂದು ನೇರ ಸಾಲುಗಳು, ಬಿಳಿಯ ಕಡೆಯಿಂದ 1, 2, 3 ಎಂದು ಅಡ್ಡ ಸಾಲುಗಳು). ಅದಕ್ಕೂ ಸಪೋರ್ಟ್ ಇಲ್ಲ, ಲೆಕ್ಕ ಮೂರಾಯಿತು. ಅದರ ಬದಲು ಡಿ4 ಆಡಿದ್ದರೆ ಹಿಂದಿನಿಂದ ರಾಣಿ ಕಾಯುತ್ತಿತ್ತು. ಸಪೋರ್ಟ್ ಇಲ್ಲದ ಕಾಯಿಗಳ ಪಕ್ಕ ಒಂದೊಂದು ಅಂಗಿಯ ಗುಂಡಿ ಇಡಿಸಿ, ಪ್ರತಿ ನಡೆಯ ನಂತರ ಗುಂಡಿಗಳನ್ನು ಬದಲಿಸಲಿ. ದಿನಕ್ಕೆ ಹತ್ತು ನಿಮಿಷ ಸಾಕು.

ಹೆಚ್ಚು ಕಾಯಿ ಹೋಗುವುದು ಕಾಯುತ್ತಿದ್ದ ಕಾಯಿ ಎದ್ದು ಹೋದಾಗ. ಬಿಳಿ ಇ4, ಕಪ್ಪು ಇ5 ಆಡಿದಮೇಲೆ ಬಿಳಿ ರಾಣಿ ಎಚ್5ಕ್ಕೆ ಹೋದರೆ, ಅದು ಕಾಯುತ್ತಿದ್ದ ಸಿ2 ಕಾಲಾಳು, ಸಿ1 ಒಂಟೆ ಎರಡೂ ಅನಾಥ. ಹಾಗಾಗಿ ಪ್ರತಿ ನಡೆಗೂ ಒಂದು ಪ್ರಶ್ನೆ ರೂಢಿಯಾಗಲಿ: ‘ಈ ಕಾಯಿ ಯಾರನ್ನು ಬಿಟ್ಟು ಬಂತು?’ ಎದುರಾಳಿಯ ನಡೆಗೂ ಇದನ್ನೇ ಕೇಳಬೇಕು. ಪುಕ್ಕಟೆ ಕಾಯಿ ಸಿಗುವುದೂ ಅಲ್ಲಿಂದಲೇ.

ಇದೇ ಸ್ಥಿತಿಯಲ್ಲಿ ಕಪ್ಪು ಜಿ6 ಆಡಿ ರಾಣಿಯನ್ನು ಓಡಿಸಲು ಹೊರಟರೆ ಏನಾಗುತ್ತದೆ, ಬೋರ್ಡಿನ ಮೇಲೆ ಆಡಿ ತೋರಿಸಿ. ರಾಣಿ ಇ5 ಕಾಲಾಳನ್ನು ಹೊಡೆದು ರಾಜನಿಗೆ ಚೆಕ್ ಕೊಡುತ್ತದೆ. ಜಿ7 ಮನೆ ಖಾಲಿಯಾದ್ದರಿಂದ ಎಚ್8 ಆನೆಗೂ ದಾರಿ ತೆರೆದಿದೆ. ಚೆಕ್ ತಪ್ಪಿಸುವಷ್ಟರಲ್ಲಿ ಆನೆ ಹೋಯಿತು. ಜಿ6ಕ್ಕೆ ಮೊದಲು ಕುದುರೆಯನ್ನು ಸಿ6ಕ್ಕೆ ತಂದು ಇ5 ಕಾಯ್ದಿದ್ದರೆ ಈ ಪಾಡಿರಲಿಲ್ಲ.

ಪ್ರಶ್ನೆ: ಸಪೋರ್ಟ್ ಇದೆ ಎಂದು ಸರಿಯಾಗಿ ಹೇಳಿಯೂ ಕಾಯಿ ಕಳೆದುಕೊಳ್ಳುತ್ತಾಳೆ, ಏಕೆ?

ಉತ್ತರ: ಎರಡು ಕಾರಣ ನೋಡಿ. ಒಂದು, ಕಾಯುವ ಕಾಯಿಯೇ ಪಿನ್ ಆಗಿರಬಹುದು. ಅದು ಸರಿದರೆ ರಾಜನಿಗೆ ಚೆಕ್ ಬೀಳುವುದಾದರೆ ಅದು ತಿರುಗಿ ಹೊಡೆಯುವಂತಿಲ್ಲ. ಇನ್ನೊಂದು ಲೆಕ್ಕದ್ದು. ಹೊಡೆಯುವವರು ಇಬ್ಬರಿದ್ದು ಕಾಯುವವರು ಒಬ್ಬರೇ ಇದ್ದರೆ ಸಾಮಾನ್ಯವಾಗಿ ನಷ್ಟವೇ. 9 ಅಂಕದ ರಾಣಿಯ ಮೇಲೆ 3 ಅಂಕದ ಕುದುರೆ ಬಿದ್ದರಂತೂ ಎಷ್ಟು ಸಪೋರ್ಟ್ ಇದ್ದರೂ ಉಪಯೋಗವಿಲ್ಲ. ಗುಂಡಿಯ ಆಟ ಚೆನ್ನಾಗಿ ರೂಢಿಯಾದ ಮೇಲೆಯೇ ಇವನ್ನು ಹೇಳಿಕೊಡಿ.